ಮೆಕೇನ್ ಮುಟ್ಟದ ಪಾದ್ರಿ: 2008ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಒಂದು ಪ್ರಕರಣ ಅಧ್ಯಯನ

2008ರ ಏಪ್ರಿಲ್ ಕೊನೆಯ ಭಾಗದಲ್ಲಿ ಉತ್ತರ ಕೆರೊಲಿನಾದ ರಿಪಬ್ಲಿಕನ್ ಪಕ್ಷದ ರಾಜ್ಯ ಘಟಕವು ಒಂದು ಟಿವಿ ಜಾಹೀರಾತನ್ನು ಹೊರತಂದಿತು. ಮೇಲ್ನೋಟಕ್ಕೆ ಅದರ ಗುರಿ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆ ಬಯಸಿದ್ದ ಬೆವ್ ಪರ್ಡ್ಯೂ ಮತ್ತು ರಿಚರ್ಡ್ ಮೂರ್. ಆದರೆ ಪರದೆಯನ್ನು ತುಂಬಿದ್ದು ಬರಾಕ್ ಒಬಾಮ, ಮತ್ತು ಷಿಕಾಗೊದ ಪಾದ್ರಿ ಜೆರಮಾಯ ರೈಟ್ ಪ್ರವಚನಪೀಠದಿಂದ ಅಮೆರಿಕವನ್ನೇ ಶಪಿಸುತ್ತಿದ್ದ ದೃಶ್ಯ. ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗುವುದು ಆಗಲೇ ಖಚಿತವಾಗಿದ್ದ ಜಾನ್ ಮೆಕೇನ್ ರಾಜ್ಯ ಘಟಕದ ಅಧ್ಯಕ್ಷೆ ಲಿಂಡಾ ಡೇವ್ಸ್ ಅವರಿಗೆ ಇಮೇಲ್ ಬರೆದು, ಅದನ್ನು ಹಿಂತೆಗೆದುಕೊಳ್ಳುವಂತೆ ಕೇಳಿಕೊಂಡರು. ಅಧ್ಯಕ್ಷೆ ಒಪ್ಪಲಿಲ್ಲ, ಜಾಹೀರಾತು ಪ್ರಸಾರವಾಯಿತು. ತನಗೆ ಲಾಭವಾಗಬಹುದಾದ ಪ್ರಚಾರವನ್ನು ಬೇಡವೆಂದ ಅಭ್ಯರ್ಥಿ, ಅವನ ಮಾತು ಮೀರಿ ಅದನ್ನೇ ನಡೆಸಿದ ಪಕ್ಷ: ಎದುರಾಳಿ ಕಪ್ಪು ವರ್ಣೀಯನಾಗಿದ್ದಾಗ ಅವನ ವಿರುದ್ಧ ಪ್ರಚಾರ ಮಾಡುವವನ ಮನಸ್ಸು ಎಲ್ಲಿ ಹಿಂಜರಿಯುತ್ತದೆ, ಆ ಹಿಂಜರಿಕೆಯಿಂದ ಚುನಾವಣೆಯಲ್ಲಿ ನಿಜಕ್ಕೂ ಏನು ಬದಲಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ತಕ್ಕ ಪ್ರಕರಣ ಸಿಗುವುದು ಕಷ್ಟ.

ರೈಟ್ ವಿಷಯ ಅಷ್ಟು ಹೊತ್ತಿಗೆ ಒಂದೂವರೆ ತಿಂಗಳಿನಷ್ಟು ಹಳೆಯದಾಗಿತ್ತು. ಒಬಾಮ ಸುಮಾರು 20 ವರ್ಷಗಳಿಂದ ಷಿಕಾಗೊದ ಟ್ರಿನಿಟಿ ಯುನೈಟೆಡ್ ಚರ್ಚಿನ ಸದಸ್ಯರಾಗಿದ್ದರು. ಅವರ ಮದುವೆಯನ್ನು ನಡೆಸಿಕೊಟ್ಟವರೂ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದವರೂ ರೈಟ್ ಅವರೇ. ಮಾರ್ಚ್ ಮಧ್ಯದಲ್ಲಿ ಎಬಿಸಿ ವಾಹಿನಿ ಅವರ ಹಳೆಯ ಪ್ರವಚನಗಳ ತುಣುಕುಗಳನ್ನು ಪ್ರಸಾರ ಮಾಡಿದ ಮೇಲೆ, ಮಾರ್ಚ್ 18ರಂದು ಒಬಾಮ ಫಿಲಡೆಲ್ಫಿಯಾದಲ್ಲಿ ಜನಾಂಗದ ಪ್ರಶ್ನೆಯ ಕುರಿತೇ ಒಂದು ದೀರ್ಘ ಭಾಷಣ ಮಾಡಿ, ಪಾದ್ರಿಯ ಮಾತುಗಳನ್ನು ಖಂಡಿಸಿದರೂ ಪಾದ್ರಿಯನ್ನು ತೊರೆಯಲು ನಿರಾಕರಿಸಿದರು. ಏಪ್ರಿಲ್ 28ರಂದು ರೈಟ್ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ಬಿನಲ್ಲಿ ತಮ್ಮ ನಿಲುವುಗಳನ್ನು ಮತ್ತಷ್ಟು ಗಟ್ಟಿ ದನಿಯಲ್ಲಿ ಸಮರ್ಥಿಸಿಕೊಂಡಾಗ ಸಂಬಂಧ ಕಡಿಯಿತು. ಮೇ ಕೊನೆಗೆ ಒಬಾಮ ಚರ್ಚಿನ ಸದಸ್ಯತ್ವವನ್ನೂ ಬಿಟ್ಟರು. ಚುನಾವಣಾ ತಂತ್ರಗಾರರ ಕಣ್ಣಿನಿಂದ ನೋಡಿದರೆ ಇದು ಹುಡುಕಿದರೂ ಸಿಗದ ಅಸ್ತ್ರ. ದೃಶ್ಯವಿದೆ, ದನಿಯಿದೆ, ಎರಡು ದಶಕಗಳ ನಂಟಿದೆ, ಅಭ್ಯರ್ಥಿ ಸ್ವತಃ ಒಪ್ಪಿಕೊಂಡ ಮುಜುಗರವಿದೆ. ಅದನ್ನು ಮೆಕೇನ್ ಕೊನೆಯವರೆಗೂ ತಮ್ಮ ಹೆಸರಿನಲ್ಲಿ ಪ್ರಯೋಗಿಸಲಿಲ್ಲ. ಮೂರು ಅಧ್ಯಕ್ಷೀಯ ಚರ್ಚೆಗಳಲ್ಲಿ ಒಂದರಲ್ಲಿಯೂ ಅವರು ಆ ಹೆಸರನ್ನು ಎತ್ತಲಿಲ್ಲ.

ಇದನ್ನು ಕೇವಲ ಸಜ್ಜನಿಕೆ ಎಂದು ಕರೆದು ಮುಗಿಸಿಬಿಡುವುದೂ ಸುಲಭ, ಕೇವಲ ಲೆಕ್ಕಾಚಾರ ಎಂದು ತಳ್ಳಿಹಾಕುವುದೂ ಸುಲಭ. ಎರಡೂ ಅರ್ಧ ಸತ್ಯಗಳು ಎಂಬುದು ನನ್ನ ಅಭಿಪ್ರಾಯ.

ಮೆಕೇನ್ ಹೊತ್ತು ತಂದಿದ್ದ ಗಾಯ

2000ದ ಫೆಬ್ರುವರಿಯಲ್ಲಿ, ರಿಪಬ್ಲಿಕನ್ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ, ಇದೇ ಮೆಕೇನ್ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಜಾರ್ಜ್ ಬುಷ್ ಅವರನ್ನು ದೊಡ್ಡ ಅಂತರದಿಂದ ಸೋಲಿಸಿ ದಕ್ಷಿಣ ಕೆರೊಲಿನಾಕ್ಕೆ ಬಂದಿದ್ದರು. ಅಲ್ಲಿ ಅನಾಮಧೇಯ ದೂರವಾಣಿ ಕರೆಗಳು ಮತ್ತು ಕರಪತ್ರಗಳ ಮೂಲಕ ಒಂದು ಪಿಸುಮಾತು ಮನೆಮನೆಗೆ ಹಬ್ಬಿತು: ಮೆಕೇನ್‌ಗೆ ವಿವಾಹೇತರ ಸಂಬಂಧದಿಂದ ಹುಟ್ಟಿದ ಕಪ್ಪು ಮಗುವೊಂದಿದೆ ಎಂಬುದು ಅದರ ಸಾರ. ಮೆಕೇನ್ ದಂಪತಿ ಬಾಂಗ್ಲಾದೇಶದ ಅನಾಥಾಲಯದಿಂದ ದತ್ತು ತಂದು ಬೆಳೆಸುತ್ತಿದ್ದ ಹೆಣ್ಣುಮಗಳ ಬಣ್ಣವೇ ಆ ಸುಳ್ಳಿಗೆ ಸಾಕ್ಷಿಯಾಗಿ ಬಳಕೆಯಾಯಿತು. ಅವರು ಆ ರಾಜ್ಯದಲ್ಲಿ ಸೋತರು. ಉಮೇದುವಾರಿಕೆಯ ಆಸೆಯೂ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಅದೇ ಪ್ರಚಾರದಲ್ಲಿ ಅವರ ಸ್ವಂತ ನಡೆಯೂ ನಿಷ್ಕಳಂಕವಾಗಿರಲಿಲ್ಲ. ರಾಜ್ಯದ ಶಾಸನಭವನದ ಮೇಲೆ ಹಾರುತ್ತಿದ್ದ, ಗುಲಾಮಗಿರಿಯ ಪರವಾಗಿ ಅಂತರ್ಯುದ್ಧ ಹೂಡಿದ ದಕ್ಷಿಣ ರಾಜ್ಯಗಳ ಕಾನ್ಫೆಡರೇಟ್ ಧ್ವಜದ ಬಗ್ಗೆ, ಅದು ಆ ರಾಜ್ಯದವರೇ ತೀರ್ಮಾನಿಸಿಕೊಳ್ಳಬೇಕಾದ ವಿಷಯ ಎಂದು ಜಾರಿಕೊಂಡಿದ್ದ ಅವರು, ಸೋತ ನಂತರ ಏಪ್ರಿಲ್‌ನಲ್ಲಿ ಅದೇ ರಾಜ್ಯಕ್ಕೆ ಮರಳಿ, ಸತ್ಯ ಹೇಳಿದರೆ ಸೋಲುವೆನೆಂಬ ಭಯದಿಂದ ತತ್ವ ಬಿಟ್ಟುಕೊಟ್ಟೆನೆಂದು ಒಪ್ಪಿಕೊಂಡರು.

ಜನಾಂಗದ ವಿಷಯ ಚುನಾವಣೆಯೊಳಗೆ ನುಗ್ಗಿದಾಗ ಅದು ಗುರಿಯಾದವನಿಗೂ ಬಳಸಿದವನಿಗೂ ಏನು ಮಾಡುತ್ತದೆಂಬುದನ್ನು ಹೀಗೆ ಎರಡೂ ಕಡೆಯಿಂದ ಅನುಭವಿಸಿದ್ದ ರಾಜಕಾರಣಿ 2008ರಲ್ಲಿ ಒಬಾಮರ ಎದುರು ನಿಂತಿದ್ದರು. ಆ ವರ್ಷದ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ 40ನೇ ವರ್ಷದ ದಿನ, ಅವರು ಮೆಂಫಿಸ್‌ನ ಲೊರೇನ್ ಮೋಟೆಲ್ ಎದುರು ಮಳೆಯಲ್ಲಿ ನಿಂತು, ಕಿಂಗ್ ಹೆಸರಿನ ರಾಷ್ಟ್ರೀಯ ರಜೆಯ ಮಸೂದೆಗೆ 1983ರಲ್ಲಿ ತಾವು ವಿರುದ್ಧವಾಗಿ ಮತ ಹಾಕಿದ್ದು ತಪ್ಪೆಂದು ಹೇಳಿದರು. ಗುಂಪಿನಲ್ಲಿ ಕೆಲವರು ಗೇಲಿ ಮಾಡಿದರು. ಇಂಥ ಕ್ಷಮೆಯಾಚನೆಯಿಂದ ಬೀಳುವ ಮತ ಬೆರಳೆಣಿಕೆಯಷ್ಟು. ಕಪ್ಪು ವರ್ಣೀಯರ ಮತ ಒಬಾಮರ ಕಡೆಗೆ ಇಡಿಯಾಗಿ ಹರಿಯಲಿದೆಯೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಹಾಗಿದ್ದೂ ಅದನ್ನು ಮಾಡಿದ್ದರಲ್ಲಿ ಒಂದಿಷ್ಟು ಪ್ರಾಮಾಣಿಕತೆ ಇದ್ದಿತೆಂದು ನಂಬಲು ಅಡ್ಡಿಯಿಲ್ಲ. ಆದರೆ ಅವರ ಲೆಕ್ಕ ಕಪ್ಪು ಮತದಾರರದ್ದಷ್ಟೇ ಆಗಿರಬೇಕಿಲ್ಲ. ನಗರದಂಚಿನ ಮಧ್ಯಮವರ್ಗದ ಬಿಳಿಯ ಮತದಾರರಲ್ಲಿ, ತಾನು ಜನಾಂಗದ್ವೇಷಿ ಪ್ರಚಾರದ ಪಾಲುದಾರನಾಗಲಾರೆ ಎನ್ನುವವರು ದೊಡ್ಡ ಸಂಖ್ಯೆಯಲ್ಲಿದ್ದರು, ಮತ್ತು ಪಕ್ಷೇತರ ಮನೋಭಾವದ ಆ ಮತಗಳೇ ಮೆಕೇನ್ ಅವರ ಬಹುಕಾಲದ ಬಂಡವಾಳ.

ಬಿಳಿಯ ಎದುರಾಳಿಯ ಮೇಲೆ ಸುಲಭವಾದದ್ದು

ಈ ಹಿಂಜರಿಕೆಯ ವಿಶೇಷತೆ ತಿಳಿಯಬೇಕಾದರೆ 1988ಕ್ಕೆ ಹಿಂದಿರುಗಬೇಕು. ಆ ವರ್ಷ ಹಿರಿಯ ಬುಷ್ ವಿರುದ್ಧ ನಿಂತಿದ್ದ ಮೈಕೆಲ್ ಡುಕಾಕಿಸ್ ಬಿಳಿಯರು. ಅವರು ಗವರ್ನರ್ ಆಗಿದ್ದ ಮ್ಯಾಸಚುಸೆಟ್ಸ್‌ನ ಸೆರೆಮನೆಯಿಂದ ವಾರಾಂತ್ಯದ ಬಿಡುವಿನ ಮೇಲೆ ಹೊರಬಂದು ಘೋರ ಅಪರಾಧವೆಸಗಿದ ಕಪ್ಪು ಕೈದಿ ವಿಲಿ ಹಾರ್ಟನ್‌ನ ಭಾವಚಿತ್ರವನ್ನು ಒಂದು ಸ್ವತಂತ್ರ ಗುಂಪು ಟಿವಿ ಜಾಹೀರಾತಿನಲ್ಲಿ ತೋರಿಸಿತು. ಮಾತು ಅಪರಾಧದ ಬಗ್ಗೆ, ಚಿತ್ರ ಬಣ್ಣದ ಬಗ್ಗೆ. ರಾಜಕೀಯ ವಿಜ್ಞಾನಿ ಟಾಲಿ ಮೆಂಡೆಲ್‌ಬರ್ಗ್ 2001ರಲ್ಲಿ ಮಂಡಿಸಿದ ವಾದದ ತಿರುಳು ಇದೇ: ಸಮಾನತೆಯನ್ನು ಬಹಿರಂಗವಾಗಿ ಒಪ್ಪಿಕೊಂಡ ಸಮಾಜದಲ್ಲಿ ಜನಾಂಗದ ಕರೆ ಬಾಯಿಬಿಟ್ಟು ಹೇಳದೆ ಇದ್ದಾಗ ಮಾತ್ರ ಫಲ ಕೊಡುತ್ತದೆ, ಇದು ಬಣ್ಣದ ಮಾತು ಎಂದು ಯಾರಾದರೂ ಎತ್ತಿ ತೋರಿಸಿದ ಕೂಡಲೇ ಮತದಾರರು ತಮ್ಮನ್ನು ತಾವೇ ಕಾಯ್ದುಕೊಳ್ಳತೊಡಗುತ್ತಾರೆ, ಅಸ್ತ್ರದ ಮೊನೆ ಮೊಂಡಾಗುತ್ತದೆ. ಈ ವಾದವನ್ನು ಪ್ರಶ್ನಿಸಿದ ವಿದ್ವಾಂಸರೂ ಇದ್ದಾರೆ. ಆದರೂ 2008ರ ಪ್ರಚಾರ ತಂತ್ರಗಾರರು ನಡೆದುಕೊಂಡ ರೀತಿಯನ್ನು ನೋಡಿದರೆ ಅವರು ಇದನ್ನು ನಂಬಿದವರಂತೆಯೇ ಕಾಣುತ್ತಾರೆ.

ಇದಕ್ಕೆ ನಾನು ಸೇರಿಸಬಯಸುವ ಮಾತೊಂದಿದೆ, ಮತ್ತು ಈ ಪ್ರಕರಣದ ಬೀಗದಕೈ ಅದರಲ್ಲಿದೆ ಎಂದು ನನಗನಿಸುತ್ತದೆ. ಎದುರಾಳಿ ಬಿಳಿಯನಾಗಿದ್ದಾಗ ಜಾಹೀರಾತಿನೊಳಗಿನ ಬಣ್ಣವನ್ನು ಬೇರೆ ಯಾರೋ ಬೆರಳು ಮಾಡಿ ತೋರಿಸಬೇಕು. 1988ರಲ್ಲಿ ಕಪ್ಪು ವರ್ಣೀಯರ ನಾಯಕ ಜೆಸ್ಸಿ ಜಾಕ್ಸನ್ ಅದನ್ನು ಎತ್ತಿ ಹೇಳುವ ಹೊತ್ತಿಗೆ ಪ್ರಚಾರ ಕೊನೆಯ ವಾರಗಳನ್ನು ತಲುಪಿತ್ತು. ಎದುರಾಳಿಯೇ ಕಪ್ಪು ವರ್ಣೀಯನಾಗಿದ್ದಾಗ ಆ ಬೆರಳು ಮೊದಲ ದಿನದಿಂದಲೇ ಚಾಚಿಕೊಂಡಿರುತ್ತದೆ. ತೆರಿಗೆಯನ್ನು ಟೀಕಿಸಿದರೂ, ಅನುಭವದ ಕೊರತೆಯನ್ನು ಎತ್ತಿದರೂ, ಜನಪ್ರಿಯತೆಯನ್ನು ಗೇಲಿ ಮಾಡಿದರೂ ಕೇಳುಗ ಅದರ ಹಿಂದೆ ಇನ್ನೇನೋ ಇದೆಯೇ ಎಂದು ಹುಡುಕುತ್ತಾನೆ. ಹೀಗಾಗಿ ಹಿಂಜರಿಕೆ ಹುಟ್ಟುವುದು ದಾಳಿಯ ಬಗ್ಗೆ ಅಲ್ಲ; ದಾಳಿಯ ಅರ್ಥ ತನ್ನ ಹಿಡಿತದಲ್ಲಿ ಉಳಿಯದೆಂಬ ಅರಿವಿನಿಂದ.

ಇದಕ್ಕೆ ಹಳೆಯ ಉದಾಹರಣೆಗಳೂ ಇವೆ. 1982ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಸ್ಪರ್ಧೆಯಲ್ಲಿ ಲಾಸ್ ಏಂಜಲಿಸ್‌ನ ಕಪ್ಪು ಮೇಯರ್ ಟಾಮ್ ಬ್ರಾಡ್ಲಿ ವಿರುದ್ಧ ನಿಂತಿದ್ದ ಜಾರ್ಜ್ ಡ್ಯೂಕ್‌ಮೇಜಿಯನ್ ಅವರ ಪ್ರಚಾರ ವ್ಯವಸ್ಥಾಪಕ, ಸಮೀಕ್ಷೆಗಳಲ್ಲಿ ಕಾಣದ ಬಿಳಿಯರ ಗುಪ್ತಮತ ತಮ್ಮ ಕಡೆಗೆ ಬೀಳುತ್ತದೆಂದು ಪತ್ರಕರ್ತರ ಮುಂದೆ ಬಾಯಿಬಿಟ್ಟು ಹುದ್ದೆ ಕಳೆದುಕೊಂಡರು. ಅವರ ಅಭ್ಯರ್ಥಿ ಮಾತ್ರ ಕೂದಲೆಳೆಯ ಅಂತರದಲ್ಲಿ ಗೆದ್ದರು. 2006ರಲ್ಲಿ ಟೆನೆಸಿಯ ಸೆನೆಟ್ ಸ್ಪರ್ಧೆಯಲ್ಲಿ ಕಪ್ಪು ವರ್ಣೀಯರಾದ ಹೆರಾಲ್ಡ್ ಫೋರ್ಡ್ ವಿರುದ್ಧ ಪಕ್ಷದ ರಾಷ್ಟ್ರೀಯ ಸಮಿತಿಯ ಹಣದಿಂದ ಬಂದ ಜಾಹೀರಾತಿನಲ್ಲಿ ಬಿಳಿಯ ಯುವತಿಯೊಬ್ಬಳು ಕಣ್ಣು ಮಿಟುಕಿಸಿ ತನಗೆ ಫೋನ್ ಮಾಡುವಂತೆ ಅವರನ್ನು ಕರೆಯುತ್ತಾಳೆ. ರಿಪಬ್ಲಿಕನ್ ಅಭ್ಯರ್ಥಿ ಬಾಬ್ ಕಾರ್ಕರ್ ಅದನ್ನು ತೆಗೆಯುವಂತೆ ಕೇಳಿದರು, ಮತ್ತು ಗೆದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಮಾತು ನೆನಪಾಗುವುದು ಇಂಥಲ್ಲಿ. ಕಾರ್ಕರ್ ಅವರ ಮನಸ್ಸಿನಲ್ಲಿ ಹಾಗೆ ಇತ್ತೆಂದು ಹೇಳುತ್ತಿಲ್ಲ; ಪರಿಣಾಮ ಹಾಗಾಯಿತು ಎನ್ನುತ್ತಿದ್ದೇನೆ.

ಸ್ವಂತ ದನಿ, ಬೇರೆಯವರ ಹೆಗಲು

ಮೆಕೇನ್ ಪ್ರಕರಣದಲ್ಲಿ ಒಂದು ವಿಚಿತ್ರ ಕಾಕತಾಳೀಯವಿದೆ. ಅಭ್ಯರ್ಥಿಯ ಟಿವಿ ಜಾಹೀರಾತಿನಲ್ಲಿ ಅಭ್ಯರ್ಥಿಯೇ ಕಾಣಿಸಿಕೊಂಡು, ಈ ಸಂದೇಶಕ್ಕೆ ನನ್ನ ಒಪ್ಪಿಗೆಯಿದೆ ಎಂದು ತನ್ನದೇ ದನಿಯಲ್ಲಿ ಹೇಳಬೇಕೆಂಬ ನಿಯಮ ಬಂದದ್ದು 2002ರ ಚುನಾವಣಾ ಸುಧಾರಣಾ ಕಾನೂನಿನಿಂದ. ಆ ಕಾನೂನಿನ ಇಬ್ಬರು ಪ್ರವರ್ತಕರಲ್ಲಿ ಒಬ್ಬರು ಸ್ವತಃ ಮೆಕೇನ್. ರೈಟ್ ಅವರ ಜಾಹೀರಾತನ್ನು ಅವರ ಪ್ರಚಾರ ಸಮಿತಿ ಪ್ರಸಾರ ಮಾಡಿದ್ದರೆ, ಶಾಪದ ದೃಶ್ಯದ ಪಕ್ಕದಲ್ಲೇ ಅವರ ಮುಖ ಮತ್ತು ದನಿ ಕೂರಬೇಕಿತ್ತು. ಸ್ವತಂತ್ರ ಗುಂಪುಗಳಿಗೆ ಆ ಕಟ್ಟುಪಾಡಿಲ್ಲ. ಮೇಲಾಗಿ ಅಭ್ಯರ್ಥಿ ಅವರೊಂದಿಗೆ ಸೇರಿ ಯೋಜನೆ ಹಾಕುವಂತೆಯೂ ಇಲ್ಲ. ಆದ್ದರಿಂದ ಅಭ್ಯರ್ಥಿಯ ಹಿಂಜರಿಕೆ ಪ್ರಾಮಾಣಿಕವಾಗಿದ್ದಾಗಲೂ ದಾಳಿ ನಿಲ್ಲುವುದಿಲ್ಲ, ಅದು ಬೇರೆಯವರ ಹೆಗಲಿಗೆ ಸಾಗುತ್ತದೆ. ನ್ಯಾಷನಲ್ ರಿಪಬ್ಲಿಕನ್ ಟ್ರಸ್ಟ್ ಎಂಬ ಗುಂಪು ಮತದಾನದ ಹಿಂದಿನ ದಿನಗಳಲ್ಲಿ ರೈಟ್ ದೃಶ್ಯಗಳನ್ನು ಟಿವಿಯಲ್ಲಿ ಹರಿಯಬಿಟ್ಟಿತು.

ಮೆಕೇನ್ ಎಳೆದ ಗೆರೆಯೂ ಎಲ್ಲ ಕಡೆ ಒಂದೇ ದಪ್ಪವಾಗಿರಲಿಲ್ಲ. ಫೆಬ್ರುವರಿಯಲ್ಲಿ ಸಿನ್ಸಿನಾಟಿಯ ಸಭೆಯೊಂದರಲ್ಲಿ ರೇಡಿಯೊ ನಿರೂಪಕನೊಬ್ಬ ಒಬಾಮರ ಮಧ್ಯದ ಹೆಸರಾದ ಹುಸೇನ್ ಅನ್ನು ಒತ್ತಿ ಒತ್ತಿ ಹೇಳಿದಾಗ ಅವರು ಅಂದೇ ಕ್ಷಮೆ ಕೇಳಿದರು. ಮಾರ್ಚ್‌ನಲ್ಲಿ ರೈಟ್ ವಿಡಿಯೊ ಹಂಚಿದ ತಮ್ಮದೇ ಸಿಬ್ಬಂದಿಯೊಬ್ಬನನ್ನು ಅಮಾನತು ಮಾಡಿದರು. ಆದರೆ ಏಪ್ರಿಲ್ 27ರಂದು, ರೈಟ್ ವಿಷಯ ನ್ಯಾಯಸಮ್ಮತ ಚರ್ಚೆಯೇ ಸರಿ ಎಂದು ಒಬಾಮ ಒಂದು ಸಂದರ್ಶನದಲ್ಲಿ ಹೇಳಿದ್ದನ್ನು ಹಿಡಿದುಕೊಂಡು, ಹಾಗಾದರೆ ಇತರರೂ ಹಾಗೆಯೇ ಭಾವಿಸಬಹುದು ಎಂದುಬಿಟ್ಟರು. ತಾನು ಮುಟ್ಟುವುದಿಲ್ಲ, ಮುಟ್ಟುವವರನ್ನು ತಡೆಯುವುದೂ ಇಲ್ಲ ಎಂಬಂತೆ. ಅಕ್ಟೋಬರ್ ಆರಂಭದಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪಾಲಿನ್ ಅಂಕಣಕಾರರೊಬ್ಬರೊಂದಿಗೆ ಮಾತನಾಡುತ್ತ, ಆ ಪಾದ್ರಿಯ ನಂಟು ಏಕೆ ಹೆಚ್ಚು ಚರ್ಚೆಯಾಗುತ್ತಿಲ್ಲವೋ ತಿಳಿಯದು, ಅದನ್ನು ಎತ್ತುವುದು ಬಿಡುವುದು ಮೆಕೇನ್ ಅವರಿಗೆ ಬಿಟ್ಟದ್ದು ಎಂಬರ್ಥದ ಮಾತಾಡಿದರು. ಒಂದೇ ಪ್ರಚಾರದ ಇಬ್ಬರು ಅಭ್ಯರ್ಥಿಗಳ ನಡುವಿನ ಈ ಬಿರುಕು ಎಲ್ಲರಿಗೂ ಕಾಣುತ್ತಿತ್ತು.

ಮೆಕೇನ್ ಮೆತ್ತಗಾಗಿದ್ದರು ಎಂದು ಇದರರ್ಥವಲ್ಲ. ಅಕ್ಟೋಬರ್ ಆರಂಭದ ಒಂದು ವಾರದಲ್ಲಿ ಅವರ ಜಾಹೀರಾತುಗಳು ಬಹುತೇಕ ಎಲ್ಲವೂ ಎದುರಾಳಿಯನ್ನು ಕುಟುಕುವಂಥವೇ ಆಗಿದ್ದವೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾಹೀರಾತು ಅಧ್ಯಯನ ಗುರುತಿಸಿತ್ತು. ಪಾದ್ರಿಯ ಜಾಗಕ್ಕೆ ಬಂದವರು ಬಿಲ್ ಏಯರ್ಸ್. 1970ರ ಆಸುಪಾಸಿನಲ್ಲಿ ಬಾಂಬು ಸ್ಫೋಟಗಳನ್ನು ನಡೆಸಿದ ಉಗ್ರ ಎಡಪಂಥೀಯ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರು, ನಂತರ ಷಿಕಾಗೊದಲ್ಲಿ ಪ್ರಾಧ್ಯಾಪಕರು. ಒಬಾಮರಿಗೆ ಅವರೊಂದಿಗೆ ಇದ್ದದ್ದು ರೈಟ್ ಅವರಿಗೆ ಹೋಲಿಸಿದರೆ ತೀರಾ ತೆಳುವಾದ ಪರಿಚಯ. ಪ್ರಬಲವಾದ ನಂಟನ್ನು ಬಿಟ್ಟು ದುರ್ಬಲವಾದದ್ದನ್ನು ಹಿಡಿದದ್ದಕ್ಕೆ ಒಂದೇ ವಿವರಣೆ ಒಪ್ಪುತ್ತದೆ: ಏಯರ್ಸ್ ಬಿಳಿಯರು. ಅವರನ್ನು ಟೀಕಿಸಿದರೆ ಬಣ್ಣದ ಮಾತು ಬರುವುದಿಲ್ಲವೆಂಬುದು ಲೆಕ್ಕ. ಅದೂ ಪೂರ್ತಿ ಫಲಿಸಲಿಲ್ಲ. ಒಬಾಮ ಭಯೋತ್ಪಾದಕರ ಒಡನಾಡಿ ಎಂದು ಪಾಲಿನ್ ಅಕ್ಟೋಬರ್ 4ರಂದು ಹೇಳಿದಾಗ, ಹುಸೇನ್ ಎಂಬ ಮಧ್ಯದ ಹೆಸರುಳ್ಳ ಕಪ್ಪು ಅಭ್ಯರ್ಥಿಯ ಬಗ್ಗೆ ಆ ಪದ ಬಳಸುವುದರಲ್ಲಿ ಜನಾಂಗದ ಛಾಯೆಯಿದೆ ಎಂಬ ವಿಶ್ಲೇಷಣೆ ಮಾರನೆಯ ದಿನವೇ ಬಂತು. ಸೆಪ್ಟೆಂಬರ್‌ನಲ್ಲಿ ಗೃಹಸಾಲಗಳಿಗೆ ಹಣ ಒದಗಿಸುವ ಫ್ಯಾನಿ ಮೇ ಸಂಸ್ಥೆಯ ಮಾಜಿ ಮುಖ್ಯಸ್ಥ, ಕಪ್ಪು ವರ್ಣೀಯರಾದ ಫ್ರಾಂಕ್ಲಿನ್ ರೇನ್ಸ್ ಅವರನ್ನು ಒಬಾಮರೊಂದಿಗೆ ಜೋಡಿಸಿ, ಜೊತೆಗೆ ಬಿಳಿಯ ವೃದ್ಧೆಯೊಬ್ಬಳ ಚಿತ್ರವನ್ನಿಟ್ಟ ಜಾಹೀರಾತಿಗೂ ಇದೇ ಗತಿಯಾಗಿತ್ತು. ಆದರೆ ಈ ಎರಡನೆಯದರಲ್ಲಿ ಟೀಕಾಕಾರರ ಪಕ್ಷವೇ ನನಗೆ ಸರಿಯೆನಿಸುತ್ತದೆ: ಅದೇ ಸಂಸ್ಥೆಯ ಮತ್ತೊಬ್ಬ ಮಾಜಿ ಮುಖ್ಯಸ್ಥ, ಬಿಳಿಯರಾದ ಜಿಮ್ ಜಾನ್ಸನ್, ಒಬಾಮರ ಉಪಾಧ್ಯಕ್ಷ ಅಭ್ಯರ್ಥಿಯ ಆಯ್ಕೆಯ ಹೊಣೆಯನ್ನೇ ಕೆಲಕಾಲ ಹೊತ್ತಿದ್ದವರು, ನಂಟು ತೋರಿಸುವುದೇ ಉದ್ದೇಶವಾಗಿದ್ದರೆ ಅವರೇ ಮೊದಲು ಬರಬೇಕಿತ್ತು.

ಇದಕ್ಕೆ ಮುನ್ನ, ಜುಲೈ 30ರಂದು, ಒಬಾಮರನ್ನು ಬ್ರಿಟ್ನಿ ಸ್ಪಿಯರ್ಸ್ ಮತ್ತು ಪ್ಯಾರಿಸ್ ಹಿಲ್ಟನ್ ಅವರಂಥ ಪೊಳ್ಳು ತಾರೆಯರ ಸಾಲಿಗೆ ಸೇರಿಸಿದ ಜಾಹೀರಾತು ಬಂದಿತ್ತು. ಅದೇ ದಿನ ಮಿಸೌರಿಯಲ್ಲಿ ಒಬಾಮ, ಡಾಲರ್ ನೋಟುಗಳ ಮೇಲಿರುವ ಅಧ್ಯಕ್ಷರಂತೆ ತಾನು ಕಾಣುವುದಿಲ್ಲವೆಂದು ಹೇಳಿ ಎದುರಾಳಿಗಳು ಜನರನ್ನು ಹೆದರಿಸಲು ನೋಡುತ್ತಿದ್ದಾರೆ ಎಂದರು. ಮರುದಿನ ಮೆಕೇನ್ ಪ್ರಚಾರದ ವ್ಯವಸ್ಥಾಪಕ ರಿಕ್ ಡೇವಿಸ್, ಜನಾಂಗದ ಇಸ್ಪೀಟು ಎಲೆಯನ್ನು ಎಸೆದವರು ಒಬಾಮ ಅವರೇ ಎಂದು ಆರೋಪಿಸಿದರು. ಇದು ಗಮನಿಸಬೇಕಾದ ತಿರುವು. ದಾಳಿ ಮಾಡಲು ಹಿಂಜರಿಯುತ್ತಿದ್ದ ಪಾಳಯ, ತನ್ನನ್ನು ಹಿಂಜರಿಯುವಂತೆ ಮಾಡುತ್ತಿರುವ ಆರೋಪದ ಮೇಲೆಯೇ ದಾಳಿಗಿಳಿಯಿತು. ಒಬಾಮರ ಪಾಳಯವೂ ಆ ಜಗಳ ಬೆಳೆಸಲು ಹೋಗಲಿಲ್ಲ. ಚುನಾವಣೆ ಬಣ್ಣದ ಸುತ್ತ ತಿರುಗಿದಷ್ಟೂ ತಮಗೆ ನಷ್ಟವೆಂದು ಅವರಿಗೂ ಗೊತ್ತಿತ್ತು.

ಲೇಕ್‌ವಿಲ್‌ನ ಮೈಕು

ಅಕ್ಟೋಬರ್ 10ರಂದು ಮಿನೆಸೋಟಾದ ಲೇಕ್‌ವಿಲ್‌ನಲ್ಲಿ ನಡೆದ ಸಭೆಯ ದೃಶ್ಯವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಒಬಾಮ ಅಧ್ಯಕ್ಷರಾದರೆ ಎಂಬುದೇ ತನಗೆ ಭಯ ಹುಟ್ಟಿಸುತ್ತದೆ ಎಂದ ಬೆಂಬಲಿಗನೊಬ್ಬನಿಗೆ, ಆತ ಸಭ್ಯ ವ್ಯಕ್ತಿ, ಹೆದರುವ ಅಗತ್ಯವಿಲ್ಲ ಎಂದು ಮೆಕೇನ್ ಹೇಳಿದಾಗ ಅವರದೇ ಬೆಂಬಲಿಗರ ಗುಂಪು ಅಸಮಾಧಾನದ ಸದ್ದು ಮಾಡಿತು. ಬಳಿಕ ಕೆಂಪು ಅಂಗಿಯ ವಯಸ್ಸಾದ ಮಹಿಳೆಯೊಬ್ಬರು ಮೈಕು ಹಿಡಿದು, ಒಬಾಮರನ್ನು ನಂಬಲಾರೆ, ಅವರ ಬಗ್ಗೆ ಓದಿದ್ದೇನೆ, ಆತ ಅರಬ್ ಎಂದರು. ಮೆಕೇನ್ ತಲೆಯಾಡಿಸುತ್ತ ಮೈಕನ್ನು ಹಿಂದಕ್ಕೆ ತೆಗೆದುಕೊಂಡು, ಇಲ್ಲಮ್ಮ, ಆತ ಸಭ್ಯ ಸಂಸಾರಸ್ಥ, ಈ ದೇಶದ ಪ್ರಜೆ, ಮೂಲಭೂತ ವಿಷಯಗಳಲ್ಲಿ ನನಗೆ ಅವರೊಂದಿಗೆ ಭಿನ್ನಾಭಿಪ್ರಾಯವಿದೆ, ಈ ಚುನಾವಣೆ ಇರುವುದೇ ಅದಕ್ಕಾಗಿ ಎಂದರು. ಅರಬ್ ಆಗಿರುವುದಕ್ಕೂ ಸಭ್ಯ ಸಂಸಾರಸ್ಥನಾಗಿರುವುದಕ್ಕೂ ವಿರೋಧವಿರುವಂತೆ ಆ ಉತ್ತರ ಧ್ವನಿಸಿತೆಂದು ಹಲವರು ಎತ್ತಿ ಆಡಿದ್ದಾರೆ, ಮತ್ತು ಆ ಟೀಕೆ ನ್ಯಾಯವಾದದ್ದು. ಆದರೆ ಈ ಪ್ರಕರಣಕ್ಕೆ ಸಂಬಂಧಿಸಿದಂತೆ ನನ್ನ ಗಮನ ಹೋಗುವುದು ಬೇರೆಡೆಗೆ. ಗೆರೆ ಎಳೆದ ಅಭ್ಯರ್ಥಿ, ತನ್ನ ಪಕ್ಷ ಆರು ದಿನಗಳಿಂದ ಉರಿಸುತ್ತಿದ್ದ ಬೆಂಕಿಯ ಕಾವನ್ನು ತನ್ನದೇ ಸಭಾಂಗಣದಲ್ಲಿ ಅನುಭವಿಸಬೇಕಾಯಿತು. ಭಯೋತ್ಪಾದಕರ ಒಡನಾಡಿ ಎಂಬ ಮಾತು ಆ ಮಹಿಳೆಯ ಬಾಯಿಗೆ ಬರುವಷ್ಟರಲ್ಲಿ ಅರಬ್ ಎಂದಾಗಿತ್ತು.

ಮರುದಿನ ನಾಗರಿಕ ಹಕ್ಕುಗಳ ಹೋರಾಟದ ಹಿರಿಯ, ಕಾಂಗ್ರೆಸ್ ಸದಸ್ಯ ಜಾನ್ ಲೂಯಿಸ್, ಮೆಕೇನ್ ಮತ್ತು ಪಾಲಿನ್ ದ್ವೇಷದ ಬೀಜ ಬಿತ್ತುತ್ತಿದ್ದಾರೆಂದು ಹೇಳಿ, ಕಪ್ಪು-ಬಿಳಿಯರನ್ನು ಬೇರ್ಪಡಿಸಿಡಬೇಕೆನ್ನುತ್ತಿದ್ದ ಗವರ್ನರ್ ಜಾರ್ಜ್ ವಾಲೆಸ್ ಕಾಲದ ವಾತಾವರಣವನ್ನು ನೆನಪಿಸಿದರು. ತಾವು ಅಧ್ಯಕ್ಷರಾದರೆ ಸಲಹೆ ಕೇಳುವ ಮೂವರು ವಿವೇಕಿಗಳಲ್ಲಿ ಒಬ್ಬರೆಂದು ಎರಡು ತಿಂಗಳ ಹಿಂದೆಯಷ್ಟೇ ಮೆಕೇನ್ ಹೆಸರಿಸಿದ್ದು ಇದೇ ಲೂಯಿಸ್ ಅವರನ್ನು. ಅಕ್ಟೋಬರ್ 15ರ ಕೊನೆಯ ಚರ್ಚೆಯಲ್ಲಿಯೂ ಆ ನೋವು ಅವರ ಮಾತಿನಲ್ಲಿ ಹೊರಬಂತು. ತಾನು ಮಾಡದೆ ಬಿಟ್ಟದ್ದಕ್ಕೆ ಮನ್ನಣೆ ಸಿಗಲಿಲ್ಲ, ಮಾಡಿದ್ದಕ್ಕಿಂತ ಹೆಚ್ಚಿನ ಆರೋಪ ಬಂತು ಎಂಬ ಭಾವ ಅದರಲ್ಲಿತ್ತು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ.

ಫಲಿತಾಂಶ ಮತ್ತು ಅದರ ನಂತರ

ರಾಜ್ಯವಾರು ಗೆಲುವಿನ ಮೇಲೆ ಹಂಚಿಕೆಯಾಗಿ ಅಧ್ಯಕ್ಷರನ್ನು ನಿರ್ಧರಿಸುವ ಚುನಾಯಕ ಮತಗಳಲ್ಲಿ ಒಬಾಮ 365 ಪಡೆದು ಗೆದ್ದರು, ಮೆಕೇನ್‌ಗೆ 173. ರೈಟ್ ಜಾಹೀರಾತು ಬಳಸಿದ್ದರೆ ಇದು ತಿರುಗುತ್ತಿತ್ತೇ ಎಂಬ ವಾದಕ್ಕೆ ನನಗೆ ಹೆಚ್ಚು ಒಲವಿಲ್ಲ. ಸೆಪ್ಟೆಂಬರ್ 15ರಂದು ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಕುಸಿದು ಆರ್ಥಿಕ ಬಿಕ್ಕಟ್ಟು ಎರಗಿದ ನಂತರ, ಅಧಿಕಾರದಲ್ಲಿದ್ದ ಪಕ್ಷದ ಅಭ್ಯರ್ಥಿಯನ್ನು ಷಿಕಾಗೊದ ಒಬ್ಬ ಪಾದ್ರಿಯ ಹಳೆಯ ಪ್ರವಚನ ಉಳಿಸುತ್ತಿತ್ತೆಂದು ನಂಬುವುದು ಕಷ್ಟ. ಉತ್ತರ ಕೆರೊಲಿನಾದಲ್ಲಿ, ಯಾವ ರಾಜ್ಯದಲ್ಲಿ ಪಕ್ಷದವರು ಏಪ್ರಿಲ್‌ನಲ್ಲೇ ಆ ಪಾದ್ರಿಯನ್ನು ಜಾಹೀರಾತಿಗೆ ತಂದರೋ ಅಲ್ಲಿ, ಒಬಾಮ ಸುಮಾರು 14 ಸಾವಿರ ಮತಗಳಿಂದ ಗೆದ್ದರು. ಬೆವ್ ಪರ್ಡ್ಯೂ ಗವರ್ನರ್ ಆದರು.

ಪಕ್ಷದೊಳಗೆ ಮಾತ್ರ ಆ ವಾದ ಸಾಯಲಿಲ್ಲ. 2012ರ ಮೇ 17ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ರಹಸ್ಯ ಪ್ರಸ್ತಾವವನ್ನು ಬಯಲಿಗೆಳೆಯಿತು. ಮೆಕೇನ್ ಪ್ರಚಾರದಲ್ಲಿ ಜಾಹೀರಾತುಗಳನ್ನು ರೂಪಿಸಿದ್ದ ಫ್ರೆಡ್ ಡೇವಿಸ್ ಮತ್ತು ಸಂಗಡಿಗರು ಉದ್ಯಮಿ ಜೋ ರಿಕೆಟ್ಸ್ ಅವರ ಮುಂದಿಟ್ಟಿದ್ದ ಆ ಯೋಜನೆಯ ಅಂದಾಜು ವೆಚ್ಚ 1 ಕೋಟಿ ಡಾಲರ್. ಮೆಕೇನ್ ನಾಲ್ಕು ವರ್ಷಗಳ ಹಿಂದೆ ಬೇಡವೆಂದಿದ್ದನ್ನು, ಅಂದರೆ ರೈಟ್ ಅವರನ್ನು, ಈ ಸಲ ಮತದಾರರ ಮುಂದೆ ತರುವುದು ಅದರ ಉದ್ದೇಶ. ಜನಾಂಗದ್ವೇಷದ ಆರೋಪ ಬಂದೇ ಬರುತ್ತದೆಂದು ಮೊದಲೇ ಊಹಿಸಿದ್ದ ಲೇಖಕರು ಅದಕ್ಕೊಂದು ಪರಿಹಾರವನ್ನೂ ಬರೆದಿಟ್ಟಿದ್ದರು: ವಕ್ತಾರನಾಗಿ ಚೆನ್ನಾಗಿ ಮಾತನಾಡಬಲ್ಲ, ಸಂಪ್ರದಾಯವಾದಿ ನಿಲುವಿನ ಕಪ್ಪು ವರ್ಣೀಯನೊಬ್ಬನನ್ನು ನೇಮಿಸಿಕೊಳ್ಳುವುದು. ವರದಿ ಬಂದ ದಿನವೇ ಆ ವರ್ಷ ಒಬಾಮರ ಎದುರು ನಿಂತಿದ್ದ ರಿಪಬ್ಲಿಕನ್ ಮಿಟ್ ರಾಮ್ನಿ ಅದನ್ನು ತಿರಸ್ಕರಿಸಿದರು, ರಿಕೆಟ್ಸ್ ಕೂಡ ಕೈತೊಳೆದುಕೊಂಡರು. ಆ ಜಾಹೀರಾತು ತಯಾರಾಗಲೇ ಇಲ್ಲ.